ಸಂತೋಷ ಅಂದರೇನೆಂದು ಕಲಿಯುವ ಮಗುವಿನ ಮೇಲೆ 16 ಪುಟದ ಮಾಂಗಾ ಬರೆಯುವುದು ಹೇಗೆ

ಈ ವಿಷಯ ಹಿಡಿದು ಮಾಂಗಾ (ಜಪಾನಿ ಬಗೆಯ ಚಿತ್ರಕಥೆ) ಬರೆಯುವವರು ಹೆಚ್ಚಾಗಿ ಎಡವುವುದು ಕೊನೆಯ ಪುಟದಲ್ಲಿ. ಅಲ್ಲಿ ಅಜ್ಜನೋ ಟೀಚರೋ ಮಗುವಿನ ತಲೆ ಸವರಿ, ‘ಸಂತೋಷ ನಮ್ಮೊಳಗೇ ಇರುತ್ತೆ ಪುಟ್ಟಾ’ ಅಂದುಬಿಡುತ್ತಾರೆ. ಅಲ್ಲಿಗೆ ಹಿಂದಿನ ಹದಿನೈದು ಪುಟದ ಕೆಲಸ ನೀರುಪಾಲು. ಓದುಗನಿಗೆ ಕಾಣಬೇಕಾದದ್ದನ್ನು ಕಿವಿಗೆ ಹಾಕಿದರೆ ಅದು ನೀತಿಪಾಠವಾಗುತ್ತದೆ, ಮಾಂಗಾ ಆಗುವುದಿಲ್ಲ. ಹಾಗಾಗಿ ಪೆನ್ಸಿಲ್ ಹಿಡಿಯುವ ಮೊದಲೇ ಒಂದು ಕಟ್ಟು ಹಾಕಿಕೊಳ್ಳಿ: ‘ಸಂತೋಷ’, ‘ಖುಷಿ’ ಎಂಬ ಮಾತು ಇಡೀ ಕಥೆಯಲ್ಲಿ ಎರಡೇ ಸಲ ಬರಬೇಕು, ಎರಡೂ 4ನೇ ಪುಟದೊಳಗೇ ಬರಬೇಕು. ಆಮೇಲಿನದೆಲ್ಲ ಚಿತ್ರದ ಕೆಲಸ.

ಎಣಿಸಬಹುದಾದ ಒಂದು ವಸ್ತು

ಸಂತೋಷವನ್ನು ಬಿಡಿಸಲಾಗದು, ಮಗು ಎಣಿಸುವ ವಸ್ತುವನ್ನು ಬಿಡಿಸಬಹುದು. ಅದು ಪುಟದಿಂದ ಪುಟಕ್ಕೆ ತುಂಬುತ್ತಲೋ ಖಾಲಿಯಾಗುತ್ತಲೋ ಹೋದರೆ ಮಗುವಿನ ಮನಸ್ಸು ಮಾತಿಲ್ಲದೆ ಕಾಣುತ್ತದೆ. ಜಪಾನಿನ ಮಕ್ಕಳ ಬದುಕಿನಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಒಂದು ವಸ್ತು ಇದೆ. ಅಲ್ಲಿ ಬೇಸಿಗೆ ರಜೆ ಜುಲೈ ಕೊನೆಯಿಂದ ಆಗಸ್ಟ್ ಕೊನೆಯವರೆಗೆ, ಸುಮಾರು 40 ದಿನ. ರಜೆಯಲ್ಲಿ ಎಷ್ಟೋ ಊರುಗಳಲ್ಲಿ ಮಕ್ಕಳು ಬೆಳಿಗ್ಗೆ 6:30ಕ್ಕೆ ಪಾರ್ಕಿನಲ್ಲಿ ಸೇರಿ ರೇಡಿಯೊ ವ್ಯಾಯಾಮ ಮಾಡುತ್ತಾರೆ. 1928ರಲ್ಲಿ ಆರಂಭವಾದ ಈ ರೇಡಿಯೊ ಪ್ರಸಾರ ಈಗಲೂ ಬರುತ್ತದೆ. ವ್ಯಾಯಾಮ ಮುಗಿದ ಮೇಲೆ ಕೊರಳಿಗೆ ನೇತುಹಾಕಿಕೊಂಡ ಕಾರ್ಡಿನ ಮೇಲೆ ದೊಡ್ಡವರೊಬ್ಬರು ಒಂದು ಠಸ್ಸೆ ಒತ್ತುತ್ತಾರೆ. ಕಾರ್ಡು ತುಂಬಿದ ಮಕ್ಕಳಿಗೆ ಕೊನೆಗೆ ಏನಾದರೂ ಸಣ್ಣ ಬಹುಮಾನ ಸಿಗುವುದುಂಟು.

ಇಲ್ಲಿ ಮಾದರಿಯಾಗಿ ತೆಗೆದುಕೊಂಡಿರುವ ಕಥೆ ಹೀಗಿದೆ. ಮೂರನೇ ತರಗತಿಯ ಮಿಯೊ, ಎಂಟು ವರ್ಷ. ಕಾರ್ಡು ತುಂಬಿಸಿದ ದೊಡ್ಡ ಹುಡುಗಿಯೊಬ್ಬಳನ್ನು ಕಂಡು, ಸಂತೋಷಕ್ಕೂ ಒಂದು ಕಾರ್ಡು ಇರಬೇಕು ಅಂದುಕೊಳ್ಳುತ್ತಾಳೆ. ಸ್ಕೇಲಿನಿಂದ ಗೆರೆ ಎಳೆದು, ಸಾಲಿಗೆ 8ರಂತೆ ಐದು ಸಾಲು, 40 ಚೌಕದ ಕಾರ್ಡು ತಾನೇ ಮಾಡಿಕೊಳ್ಳುತ್ತಾಳೆ. ಅಳಿಸುವ ರಬ್ಬರ್ ಕೊರೆದು ಹೂವಿನ ಠಸ್ಸೆ ಮಾಡುತ್ತಾಳೆ. ಸಂತೋಷವಾದ ದಿನ ರಾತ್ರಿ ಒಂದು ಠಸ್ಸೆ. ದಿನ ಕಳೆದಂತೆ ಠಸ್ಸೆಗಾಗಿಯೇ ಸಂತೋಷವನ್ನು ಹುಡುಕಿಕೊಂಡು ಹೋಗುತ್ತಾಳೆ, ಜಗಳವಾಡುತ್ತಾಳೆ, ಅತ್ತ ದಿನವೂ ಒತ್ತುತ್ತಾಳೆ. ಕೊನೆಗೊಂದು ಮಳೆಯ ದಿನ ಅಜ್ಜಿಯ ಜೊತೆ ಜಗಲಿಯಲ್ಲಿ ಕೂತು ಸೋಯಾ ಕಾಯಿ ಕತ್ತರಿಸುತ್ತಾ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಆ ರಾತ್ರಿ ಠಸ್ಸೆ ಒತ್ತುವುದನ್ನೇ ಮರೆತು ಮಲಗುತ್ತಾಳೆ.

ಕಥೆಯ ಜೀವ ಇರುವುದು ಆ ಒಂದು ಖಾಲಿ ಚೌಕದಲ್ಲಿ. 5ನೇ ಪುಟದ ಖಾಲಿ ಚೌಕಕ್ಕೆ ‘ಇವತ್ತು ಏನೂ ಇಲ್ಲ’ ಎಂಬ ಅರ್ಥ. 14ನೇ ಪುಟದ್ದಕ್ಕೆ ಅದರ ತಿರುವುಮುರುವು. ಚಿತ್ರ ಅದೇ, ಅರ್ಥ ಬೇರೆ. ನಿಮ್ಮದೇ ಕಥೆ ಕಟ್ಟುವಾಗಲೂ ಇಂಥ ಒಂದು ಜೋಡಿ ಸಿಗುವವರೆಗೆ ಮುಂದೆ ಹೋಗಬೇಡಿ. ಹಾಗೆಯೇ, ಅಜ್ಜಿಯನ್ನು ಸಾಯಿಸಬೇಡಿ. ಸಾವು ತಂದರೆ ಓದುಗ ಅಳುತ್ತಾನೆ ನಿಜ, ಆದರೆ ಆ ಅಳು ಸಾವಿಗೆ ಸಂದದ್ದು. ಸಾಮಾನ್ಯ ದಿನವೊಂದರ ಬೆಲೆ ಅದರಡಿ ಮುಚ್ಚಿಹೋಗುತ್ತದೆ.

ಪುಟಗಳ ಹಂಚಿಕೆ

ಜಪಾನಿನಲ್ಲಿ ಸಣ್ಣ ಕಥೆಗಳನ್ನು ನಾಲ್ಕು ಭಾಗವಾಗಿ ಕಟ್ಟುವ ಹಳೆಯ ರೂಢಿ ಇದೆ: ಕಿ, ಶೋ, ತೆನ್, ಕೆತ್ಸು. ಮೊದಲು ಪರಿಚಯ, ಆಮೇಲೆ ಬೆಳವಣಿಗೆ, ನಡುವೆ ಹೊರಳು, ಕೊನೆಗೆ ಸೇರುವಿಕೆ. ನಾಯಕನಿಗೆ ಶತ್ರು ಇರಲೇಬೇಕೆಂಬ ಹಟ ಈ ಕಟ್ಟಿಗಿಲ್ಲ, ಆದ್ದರಿಂದ ಇಂಥ ವಿಷಯಕ್ಕೆ ಚೆನ್ನಾಗಿ ಒಗ್ಗುತ್ತದೆ. 16 ಪುಟವನ್ನು ಸಮ ಪಾಲು ಮಾಡಬೇಡಿ. 1ರಿಂದ 4 ಪರಿಚಯ (ಪಾರ್ಕು, ದೊಡ್ಡ ಹುಡುಗಿ, ಕಾರ್ಡು ಮಾಡುವುದು). 5ರಿಂದ 10 ಬೆಳವಣಿಗೆ: ಮೊದಲ ಖಾಲಿ ರಾತ್ರಿ, ಐಸ್ ತುರಿ, ಜಾತ್ರೆಯ ಹೊಂಬಣ್ಣದ ಮೀನು, ಗೆಳತಿಯ ಜೊತೆ ಜಗಳ, ಸುಳ್ಳು ಠಸ್ಸೆ. 11ರಿಂದ 14 ಮಳೆಯ ದಿನ ಮತ್ತು ಖಾಲಿ ಚೌಕ. 15, 16 ಮರುದಿನ ಬೆಳಿಗ್ಗೆ. ಬೆಳವಣಿಗೆಯ ಆರು ಪುಟಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಪುಟಕ್ಕೆ 5–6 ಪ್ಯಾನೆಲ್ (ಚಿತ್ರದ ಚೌಕಟ್ಟು) ಇಟ್ಟು ಬೇಗ ಓಡಿಸಿ. ಓಟ ಜೋರಾದಷ್ಟೂ 11ನೇ ಪುಟದಲ್ಲಿ ನಿಂತದ್ದು ಎದ್ದು ಕಾಣುತ್ತದೆ.

ಪುಟ ತಿರುವುವ ಜಾಗವನ್ನು ಈಗಲೇ ನೋಡಿಕೊಳ್ಳಬೇಕು. ಜಪಾನಿ ಮಾಂಗಾವನ್ನು ಬಲದಿಂದ ಎಡಕ್ಕೆ ಓದುತ್ತಾರೆ. ನೀವು ಕನ್ನಡದಲ್ಲಿ ಬರೆಯುವುದಾದರೆ ಎಡದಿಂದ ಬಲಕ್ಕೇ ಇಡಿ. ಪ್ಯಾನೆಲ್ ಬಲದಿಂದ ಎಡಕ್ಕೆ, ಅದರೊಳಗಿನ ಅಕ್ಷರ ಎಡದಿಂದ ಬಲಕ್ಕೆ ಹೋದರೆ ಕಣ್ಣು ಮಾತಿನ ಪ್ರತಿ ಬಲೂನಿನಲ್ಲೂ ಹಿಂದೆಮುಂದೆ ಅಲೆಯುತ್ತದೆ. ಎಡಕ್ಕೆ ಹೊಲಿದ ಪುಸ್ತಕದಲ್ಲಿ 1ನೇ ಪುಟ ಬಲಗಡೆ ಒಂಟಿಯಾಗಿ ಬರುತ್ತದೆ, ಆಮೇಲೆ 2–3, 4–5 ಹೀಗೆ ಜೋಡಿ. ಎಂದರೆ ಬೆಸ ಸಂಖ್ಯೆಯ ಪುಟದ ಕೊನೆಯ ಪ್ಯಾನೆಲ್ ಓದಿ ಹಾಳೆ ತಿರುವಿದಾಗ ಮೊದಲು ಕಣ್ಣಿಗೆ ಬೀಳುವುದು ಸಮಸಂಖ್ಯೆಯ ಪುಟ. ಮುಚ್ಚಿಟ್ಟು ತೋರಿಸಬೇಕಾದದ್ದೆಲ್ಲ ಅಲ್ಲೇ ಇರಬೇಕು. 13ನೇ ಪುಟದ ಕೊನೆಯಲ್ಲಿ ಅಜ್ಜಿಯ ಕೈ ದೀಪದ ದಾರ ಎಳೆಯುತ್ತದೆ. ತಿರುವಿದರೆ 14ರಲ್ಲಿ ಗೋಡೆಯ ಮೇಲಿನ ಕಾರ್ಡು, ಒಂದು ಚೌಕ ಖಾಲಿ. ಇದು 13ರಲ್ಲೇ ಕಂಡುಬಿಟ್ಟರೆ ಕಥೆ ಮುಗಿದುಹೋಗುತ್ತದೆ.

ನೇಮು

ಮಾಂಗಾದವರು ಕಚ್ಚಾ ಪುಟಗಳ ಇಡೀ ಕಟ್ಟನ್ನು ‘ನೇಮು’ ಅನ್ನುತ್ತಾರೆ. ಎ4 ಹಾಳೆಯನ್ನು ಮಡಚಿ ಎರಡು ಪುಟ ಅಕ್ಕಪಕ್ಕ ಬರುವಂತೆ ಮಾಡಿಕೊಳ್ಳಿ. ಒಂಟಿ ಪುಟವಾಗಿ ಬಿಡಿಸಿದರೆ ಜೋಡಿ ಪುಟದ ತೂಕ ತಿಳಿಯುವುದಿಲ್ಲ. ಪಾತ್ರಗಳಿಗೆ ಉರುಟು ತಲೆ, ಕಡ್ಡಿ ಕೈಕಾಲು ಸಾಕು, ಆದರೆ ಮಾತು ಮಾತ್ರ ಪೂರ್ತಿ ಬರೆಯಿರಿ. ‘ಇಲ್ಲಿ ಏನೋ ಹೇಳುತ್ತಾಳೆ’ ಎಂದು ಬಿಟ್ಟ ಜಾಗದಲ್ಲಿ ಆಮೇಲೆ ಬಲೂನು ಹಿಡಿಸುವುದೇ ಇಲ್ಲ.

ನೇಮು ಮುಗಿದ ಮೇಲೆ ಮಾತನ್ನೆಲ್ಲ ಅಂಗೈಯಲ್ಲಿ ಮುಚ್ಚಿಕೊಂಡು ಓದಿ. ಮಿಯೊ ಏನು ಬಯಸುತ್ತಿದ್ದಾಳೆ ಎಂಬುದು ಬರೀ ಚಿತ್ರದಲ್ಲಿ ತಿಳಿಯಬೇಕು. ಆಮೇಲೆ ಎಂಟು–ಹತ್ತು ವರ್ಷದ ಒಂದು ಮಗುವಿಗೆ ಕೊಟ್ಟು ಓದಿಸಿ. ‘ಅರ್ಥ ಆಯ್ತಾ’ ಎಂದು ಕೇಳಬೇಡಿ, ಮಕ್ಕಳು ಹೂಂ ಅಂದುಬಿಡುತ್ತಾರೆ. ‘ಆವತ್ತು ಅವಳು ಯಾಕೆ ಠಸ್ಸೆ ಒತ್ತಲಿಲ್ಲ’ ಎಂದು ಕೇಳಿ. ‘ಮರೆತುಬಿಟ್ಟಳು’ ಎಂದರೆ ಕಥೆ ನಿಂತಿದೆ. ‘ಬೇಜಾರಾಗಿತ್ತು’ ಎಂದರೆ 5 ಮತ್ತು 14ನೇ ಪುಟ ಒಂದೇ ರೀತಿ ಕಾಣುತ್ತಿವೆ ಎಂದು ತಿಳಿಯಿರಿ. ಸರಿಪಡಿಸಲು 5ರಲ್ಲಿ ಕಾರ್ಡಿನ ಹಿಂದೆ ಗಟ್ಟಿ ಕಪ್ಪು ತುಂಬಿ, ಮಿಯೊಳ ಮುಖ ಕಾರ್ಡಿಗೆ ಹತ್ತಿರ ಇಡಿ. 14ರಲ್ಲಿ ಸುತ್ತ ಬಿಳಿ ಬಿಟ್ಟು, ಕೆಳಗೆ ಬಾಯಿ ತೆರೆದು ನಿದ್ದೆಹೋದ ಮಿಯೊಳನ್ನು ಚಿಕ್ಕದಾಗಿ ಬಿಡಿಸಿ.

ಮಳೆಯ ಪುಟಗಳು

11ರಿಂದ 13 ಕೆಟ್ಟರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ, ಆದ್ದರಿಂದ ಈ ಮೂರು ಪುಟಕ್ಕೆ ಸಮಯ ಸುರಿಯಿರಿ. ಮಳೆ ಬಂದರೆ ವ್ಯಾಯಾಮ ಇಲ್ಲ, ಹಾಗಾಗಿ ಆ ದಿನ ಮಿಯೊಳ ಎರಡು ಕಾರ್ಡೂ ಖಾಲಿ. ಒಂದು ಖಾಲಿಗೆ ಮಳೆ ಕಾರಣ, ಇನ್ನೊಂದಕ್ಕೆ ಏನು ಕಾರಣ ಎಂದು ಓದುಗನೇ ಕೇಳಿಕೊಳ್ಳುವಂತಾಗಬೇಕು.

ಮಾತಿಲ್ಲದ ಪ್ಯಾನೆಲ್ಲನ್ನು ಓದುಗ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟುತ್ತಾನೆ. ನಿಧಾನ ಬೇಕೆಂದು ಬರೀ ಮೌನದ ಪ್ಯಾನೆಲ್ಲುಗಳನ್ನು ಜೋಡಿಸಿದರೆ ಪುಟ ಇನ್ನೂ ಬೇಗ ಓಡುತ್ತದೆ. ಓದು ನಿಲ್ಲುವುದು ಎರಡು ಕಾರಣಕ್ಕೆ: ನೋಡಲು ಏನಾದರೂ ಇದ್ದರೆ, ಇಲ್ಲವೇ ಅದೇ ನೋಟ ಸ್ವಲ್ಪವೇ ಬದಲಾಗಿ ಮತ್ತೆ ಬಂದರೆ. 12ನೇ ಪುಟವನ್ನು ಅಡ್ಡ ಅಗಲದ ನಾಲ್ಕು ಪಟ್ಟಿಯಾಗಿ ಸೀಳಿ, ನಾಲ್ಕರಲ್ಲೂ ಅದೇ ಜಗಲಿ ಅದೇ ಕೋನದಲ್ಲಿ ಇರಲಿ. ಮೊದಲನೆಯದರಲ್ಲಿ ಕೊಂಬೆಗಳ ರಾಶಿ ದೊಡ್ಡದು, ಬುಟ್ಟಿ ಖಾಲಿ. ನಾಲ್ಕನೆಯದರಲ್ಲಿ ರಾಶಿ ಇಲ್ಲ, ಬುಟ್ಟಿ ತುಂಬಿದೆ, ಮಿಯೊ ಅಜ್ಜಿಗೆ ಒರಗಿದ್ದಾಳೆ. ಇಲ್ಲೂ ಒಂದು ಎಣಿಕೆ ನಡೆದಿದೆ, ಆದರೆ ಎಣಿಸುತ್ತಿರುವವಳು ಮಿಯೊ ಅಲ್ಲ.

ಕೆಲಸದ ವಿವರ ಸರಿಯಾಗಿರಲಿ. ಅಲ್ಲಿನ ಹಸಿ ಸೋಯಾ, ಎದಮಾಮೆ, ಕೊಂಬೆಯ ಸಮೇತ ಬರುವುದುಂಟು. ಕತ್ತರಿಯಿಂದ ಒಂದೊಂದೇ ಕಾಯಿ ಬಿಡಿಸಿ, ತುದಿ ಸ್ವಲ್ಪ ಕತ್ತರಿಸಿ, ಉಪ್ಪು ಹಾಕಿ ಉಜ್ಜಿ, ಸಿಪ್ಪೆ ಸಮೇತ ಬೇಯಿಸುತ್ತಾರೆ. ನಮ್ಮಲ್ಲಿ ಅವರೆಕಾಯಿ ಸುಲಿಯುವ ಅಭ್ಯಾಸದಲ್ಲಿ ಬುಟ್ಟಿಯ ತುಂಬ ಕಾಳು ಬಿಡಿಸಿದರೆ ತಪ್ಪಾಗುತ್ತದೆ. ಕಥೆಯನ್ನೇ ನಿಮ್ಮ ಊರಿಗೆ ತರುವುದಾದರೆ ಅವರೆಕಾಯಿ ಬಹಳ ಚೆಂದ, ಆದರೆ ಆಗ ಅದು ಚಳಿಗಾಲದ ಕಥೆ. ಮಳೆ, ರಜೆ, ಬೆಳಗಿನ ವ್ಯಾಯಾಮ ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ಸದ್ದು ಬರೆಯುವುದರಲ್ಲಿ ಕನ್ನಡಕ್ಕೆ ಬರವಿಲ್ಲ. ಇಲ್ಲಿ ‘ಜಿಟಿಜಿಟಿ’ ಬೇಕು. ‘ಧೋ’ ಎಂದು ಬರೆದರೆ ಜಗಲಿಯಲ್ಲಿ ಕೂರುವಂತಿಲ್ಲ. ಕತ್ತರಿಗೆ ‘ಚಿಟ್’, ಪುಟದಲ್ಲಿ ಎರಡೋ ಮೂರೋ ಕಡೆ. ಇನ್ನೊಂದು ಮುಖ್ಯ ಸದ್ದು ಜೀರುಂಡೆಯದು. ಜಪಾನಿನ ಬೇಸಿಗೆ ಎಂದರೆ ಜೀರುಂಡೆಯ ಕೂಗು. 1ರಿಂದ 10ರವರೆಗೆ ಹಗಲಿನ ಪ್ಯಾನೆಲ್ಲುಗಳ ಹಿಂದೆ ‘ಮೀಂ ಮೀಂ’ ಎಂದು ಬರೆಯುತ್ತಾ ಹೋಗಿ, ಮಳೆಯ ಪುಟಗಳಲ್ಲಿ ಪೂರ್ತಿ ತೆಗೆದುಬಿಡಿ. ಓದುಗ ಗಮನಿಸದಿದ್ದರೂ ಪುಟ ಹಗುರವಾದದ್ದು ಅವನಿಗೆ ತಟ್ಟುತ್ತದೆ.

ಕಣ್ಣಿನ ಎತ್ತರದ ಲೆಕ್ಕವೂ ಇದೆ. ಎಂಟು ವರ್ಷದ ಹುಡುಗಿ ಸುಮಾರು 125 ಸೆಂ.ಮೀ. ಎತ್ತರ, ಅವಳ ಕಣ್ಣು ಸುಮಾರು 115ರಲ್ಲಿ. ಮೊದಲ ಹತ್ತು ಪುಟದಲ್ಲಿ ದಿಗಂತದ ಗೆರೆಯನ್ನು ಅಷ್ಟಕ್ಕೇ ಇಟ್ಟರೆ ದೊಡ್ಡವರ ಮುಖ ಎಷ್ಟೋ ಪ್ಯಾನೆಲ್ಲುಗಳಲ್ಲಿ ಚೌಕಟ್ಟಿನಿಂದ ಹೊರಗೇ ಹೋಗುತ್ತದೆ. ಕೈ, ಚೀಲ, ಮಂಡಿ ಮಾತ್ರ ಕಾಣುತ್ತವೆ. ಜಗಲಿಯಲ್ಲಿ ಕೂತಾಗ ಅಜ್ಜಿಯ ಕಣ್ಣೂ ಮಿಯೊಳ ಕಣ್ಣೂ ಹೆಚ್ಚುಕಡಿಮೆ ಒಂದೇ ಗೆರೆಗೆ ಬರುತ್ತವೆ. ದೊಡ್ಡವರೊಬ್ಬರ ಮುಖ ಪೂರ್ತಿಯಾಗಿ ಕಾಣುವುದು ಅಲ್ಲೇ ಮೊದಲಾಗಿರಲಿ.

ಮಗುವಿನ ಮೈಕಟ್ಟು

ಎಂಟು ವರ್ಷದ ಮಗು ನಿಜದಲ್ಲಿ ಸುಮಾರು ಆರು ತಲೆ ಎತ್ತರ. ಮಾಂಗಾದಲ್ಲಿ ನಾಲ್ಕೂವರೆಯಿಂದ ಐದು ತಲೆಗೆ ಇಳಿಸಿ. ಮೂರಕ್ಕೆ ಇಳಿಸಿದರೆ ಮಿಯೊ ಶಿಶುವಿಹಾರದ ಮಗುವಾಗುತ್ತಾಳೆ. ಕಣ್ಣು ತಲೆಯ ನಡುಗೆರೆಯಿಂದ ಕೆಳಗೆ, ಕುತ್ತಿಗೆ ಸಣ್ಣ, ಮಂಡಿ ಸ್ವಲ್ಪ ದಪ್ಪ. ಮೂರು ಕೋನದಲ್ಲಿ ಒಂದು ಹಾಳೆ ಬಿಡಿಸಿ ಮುಂದೆ ಅಂಟಿಸಿಕೊಳ್ಳಿ, ಇಲ್ಲದಿದ್ದರೆ 16ನೇ ಪುಟಕ್ಕೆ ಬರುವಷ್ಟರಲ್ಲಿ ಅವಳಿಗೆ ಎರಡು ವರ್ಷ ಹೆಚ್ಚಾಗಿರುತ್ತದೆ. ಬೆವರ ಹನಿ, ಹಣೆಯ ನರ, ಕೆನ್ನೆಯ ಗೆರೆ ಮುಂತಾದ ಮಾಂಗಾ ಗುರುತುಗಳನ್ನು 10ನೇ ಪುಟದೊಳಗೆ ಮುಗಿಸಿ. ಮಳೆಯ ಪುಟದಲ್ಲಿ ಒಂದೂ ಬೇಡ, ಅಗಲ ನಗುವೂ ಬೇಡ. ತುಟಿ ಸಡಿಲ, ಹುಬ್ಬು ಸಡಿಲ, ಕಣ್ಣು ಕೈಕೆಲಸದ ಮೇಲೆ. ನಿಜಕ್ಕೂ ಮೈಮರೆತ ಮಗುವಿನ ಮುಖ ಹೀಗೇ ಇರುತ್ತದೆ.

ಕಾಗದ, ಇಂಕು, ಅಳತೆ

ಜಪಾನಿನ ಪತ್ರಿಕೆಗಳಿಗೆ ಬರೆಯುವವರು ಬಿ4 ಹಾಳೆ (257×364 ಮಿ.ಮೀ.) ಬಳಸುತ್ತಾರೆ. ಅದರೊಳಗೆ 220×310ರ ಕತ್ತರಿಸುವ ಗೆರೆ, 180×270ರ ಒಳಚೌಕಟ್ಟು. ಮುದ್ರಿಸುವಾಗ ಸುಮಾರು 83 ಪ್ರತಿಶತಕ್ಕೆ ಇಳಿಸಿ ಬಿ5 ಮಾಡುತ್ತಾರೆ. ಜೆರಾಕ್ಸ್ ಅಂಗಡಿಯಲ್ಲಿ ಎ5 ಪುಸ್ತಕ ಮಾಡಿಸುವವರಿಗೆ ಇದು ಬೇಕಿಲ್ಲ. ಎ4 ಮೇಲೆ ಬಿಡಿಸಿ, 170×250 ಮಿ.ಮೀ. ಒಳಚೌಕಟ್ಟು ಹಾಕಿಕೊಂಡು, 71 ಪ್ರತಿಶತಕ್ಕೆ ಇಳಿಸಿ. ಅಂಗಡಿಯ ಯಂತ್ರ ಹಾಳೆಯ ಅಂಚಿನಲ್ಲಿ ನಾಲ್ಕೈದು ಮಿ.ಮೀ. ಬಿಳಿ ಬಿಡುತ್ತದೆ, ಆದ್ದರಿಂದ ಅಂಚಿನವರೆಗೆ ಚಾಚಿದ ಚಿತ್ರ ಬೇಡ. ಪ್ಯಾನೆಲ್ಲುಗಳ ನಡುವೆ ಮೇಲೆ-ಕೆಳಗೆ 7–8 ಮಿ.ಮೀ., ಅಕ್ಕಪಕ್ಕ 3–4 ಮಿ.ಮೀ. ಬಿಡಿ. ಎರಡೂ ಸಮ ಇದ್ದರೆ ಅಡ್ಡ ಹೋಗಬೇಕೋ ಕೆಳಗಿಳಿಯಬೇಕೋ ಕಣ್ಣಿಗೆ ತಿಳಿಯದು.

75 ಜಿಎಸ್‌ಎಂ (ಕಾಗದದ ತೂಕದ ಅಳತೆ) ಜೆರಾಕ್ಸ್ ಕಾಗದದಲ್ಲಿ ನಿಬ್ಬಿನ ಇಂಕು ಹರಡುತ್ತದೆ. 130ರಿಂದ 160 ಜಿಎಸ್‌ಎಂನ ನುಣುಪಾದ ಹಾಳೆ ಬೇಕು. ಒರಟು ಕಾರ್ಟ್ರಿಜ್ ಹಾಳೆಯಲ್ಲಿ ನಿಬ್ಬಿನ ತುದಿ ನಾರಿಗೆ ಸಿಕ್ಕಿ ಇಂಕು ಚಿಮ್ಮುತ್ತದೆ. ಜಿ-ಪೆನ್ ನಿಬ್ಬು ಹೊರಗೆರೆಗೆ, ಮಾರು-ಪೆನ್ ಕೂದಲು ಮತ್ತು ಮಳೆಗೆ. ಹೊಸ ನಿಬ್ಬಿಗೆ ಎಣ್ಣೆ ಸವರಿರುತ್ತಾರೆ. ಒರೆಸದೆ ಅದ್ದಿದರೆ ಇಂಕು ಹನಿಹನಿಯಾಗಿ ನಿಂತು, ಒಮ್ಮೆಗೇ ಕೆಳಗೆ ಬೀಳುತ್ತದೆ. ನಿಬ್ಬು ಸಿಗದಿದ್ದರೆ ವಾಟರ್‌ಪ್ರೂಫ್ ಫೈನ್‌ಲೈನರ್ 0.3, 0.5, 0.8 ಸಾಕು. 0.1 ತೆಗೆದುಕೊಳ್ಳಬೇಡಿ, ಇಳಿಸಿದ ಮೇಲೆ ಜೆರಾಕ್ಸಿನಲ್ಲಿ ಆ ಗೆರೆ ಮಾಯ. ಇಂಕು ಪೂರ್ತಿ ಒಣಗದೆ ಪೆನ್ಸಿಲ್ ಅಳಿಸಬೇಡಿ. ಗಟ್ಟಿ ಕಪ್ಪು ತುಂಬಿದ 5ನೇ ಪುಟವನ್ನು ರಾತ್ರಿಯಿಡೀ ಬಿಡುವುದೇ ಒಳ್ಳೆಯದು.

ನೆರಳಿಗೆ ಅಂಟಿಸುವ ಚುಕ್ಕೆಗಳ ಹಾಳೆ ‘ಟೋನ್’ ಬಗ್ಗೆ ಒಂದು ಎಚ್ಚರ. ಇಂಚಿಗೆ 60 ಗೆರೆಯ (ಚುಕ್ಕೆಸಾಲಿನ) ಟೋನ್ ಅಂಟಿಸಿ 71ಕ್ಕೆ ಇಳಿಸಿದರೆ ಅದು ಸುಮಾರು 85 ಗೆರೆಯಾಗುತ್ತದೆ, ಜೆರಾಕ್ಸಿನಲ್ಲಿ ಚುಕ್ಕೆಗಳೆಲ್ಲ ಕೂಡಿ ಕೊಳಕು ಬೂದು ಬಣ್ಣವಾಗುತ್ತದೆ. 40–45 ಗೆರೆಯದನ್ನು ತೆಗೆದುಕೊಳ್ಳಿ, ಅಥವಾ ಇಳಿಸಿದ ಮೇಲೆ ಕಂಪ್ಯೂಟರಿನಲ್ಲೇ ಟೋನ್ ಹಾಕಿ. ಒಂದು ಟೋನ್ ಮೇಲೆ ಇನ್ನೊಂದು ಬಂದರೂ, ಟೋನ್ ಇರುವ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿದರೂ ಅಲೆಅಲೆಯ ಚೌಕಳಿ ಮೂಡುತ್ತದೆ.

ಕನ್ನಡ ಅಕ್ಷರ ಕೂರಿಸುವುದು

ಜಪಾನಿ ಬಲೂನು ಉದ್ದುದ್ದ, ಏಕೆಂದರೆ ಅಲ್ಲಿ ಬರಹ ಮೇಲಿನಿಂದ ಕೆಳಗೆ ಇಳಿಯುತ್ತದೆ. ಅದನ್ನೇ ನಕಲು ಮಾಡಿದರೆ ‘ಹೋಗಬೇಕಾಗಿತ್ತಂತೆ’ ಎಂಬ ಒಂದೇ ಪದ ಬಲೂನಿನ ಎರಡೂ ಕಡೆ ಹೊರಗೆ ಬರುತ್ತದೆ. ಕನ್ನಡಕ್ಕೆ ಅಡ್ಡ ಅಗಲದ ಬಲೂನು ಬೇಕು, ಆದ್ದರಿಂದ ಅಗಲದ ಪ್ಯಾನೆಲ್ ಬೇಕು. ಮಾತಿರುವ ಸಾಲಿನಲ್ಲಿ ಎರಡಕ್ಕಿಂತ ಹೆಚ್ಚು ಪ್ಯಾನೆಲ್ ಇಡಬೇಡಿ. ಮೊದಲು ಅಕ್ಷರ ಕೂರಿಸಿ, ಆಮೇಲೆ ಅದರ ಸುತ್ತ ಬಲೂನಿನ ಗೆರೆ ಎಳೆಯಿರಿ. ಒಂದು ಬಲೂನಿಗೆ ಹತ್ತು–ಹನ್ನೆರಡು ಪದ, ನಾಲ್ಕು ಸಾಲು, ಅದು ಗರಿಷ್ಠ. ಆಡುಮಾತೇ ಬರೆಯಿರಿ: ‘ಅಜ್ಜಿ, ಇದೂ ಕತ್ತರಿಸ್ಲಾ?’

ಅಚ್ಚಾದ ಮೇಲೆ ಅಕ್ಷರ 8.5–9 ಪಾಯಿಂಟ್ ಇರಬೇಕಾದರೆ ಎ4 ಪುಟದಲ್ಲಿ 12–13 ಪಾಯಿಂಟ್ ಇಡಬೇಕು. ಸಾಲಂತರ ಅಕ್ಷರದ ಒಂದೂವರೆ ಪಟ್ಟು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಮಾತಿಗೆ ಬಾಲೂ ತಮ್ಮ 2ರಂಥ ದುಂಡನೆಯ ಫಾಂಟ್ ಹೊಂದುತ್ತದೆ. ಎಲ್ಲ ಯೂನಿಕೋಡ್‌ನಲ್ಲೇ ಇರಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಬಿಡುತ್ತದೆ. ಚಿತ್ರ ಬಿಡಿಸುವ ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬರುವುದುಂಟು. ಮೊದಲೇ ‘ಸ್ತ್ರೀ’, ‘ಸೂರ್ಯ’, ‘ಅಜ್ಜಿ’ ಎಂದು ಬರೆದು ನೋಡಿ. ಒಡೆದರೆ ಚಿತ್ರವನ್ನು ಇಂಕ್‌ಸ್ಕೇಪಿಗೆ ತಂದು ಅಕ್ಷರ ಅಲ್ಲಿ ಹಾಕಿ. ಅದು ಉಚಿತ, ಕನ್ನಡವನ್ನು ಸರಿಯಾಗಿ ಕೂರಿಸುತ್ತದೆ. ಸದ್ದಿನ ಪದಗಳನ್ನು ಮಾತ್ರ ಕೈಯಲ್ಲೇ ಬರೆಯಿರಿ, ಫಾಂಟಿನಲ್ಲಿ ‘ಜಿಟಿಜಿಟಿ’ ಸತ್ತಂತೆ ಕಾಣುತ್ತದೆ.

ಸ್ಕ್ಯಾನು, ಅಚ್ಚು, ಹೊಲಿಗೆ

600 ಡಿಪಿಐಯಲ್ಲಿ ಬೂದು ಛಾಯೆಯಾಗಿ ಸ್ಕ್ಯಾನ್ ಮಾಡಿ, ಆಮೇಲೆ ಚಿತ್ರದ ತಂತ್ರಾಂಶದಲ್ಲಿ ‘ಥ್ರೆಶೋಲ್ಡ್’ ಆಯ್ಕೆ ಹಾಕಿ ಶುದ್ಧ ಕಪ್ಪು-ಬಿಳುಪು ಮಾಡಿ. ಮೊದಲೇ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಮಾರು-ಪೆನ್ನಿನ ಮಳೆಗೆರೆಗಳು ತುಂಡಾಗುತ್ತವೆ, ಮತ್ತೆ ತರಲಾಗುವುದಿಲ್ಲ.

16 ಪುಟಕ್ಕೆ ಎರಡೂ ಬದಿ ಅಚ್ಚಾದ ನಾಲ್ಕು ಎ4 ಹಾಳೆ ಸಾಕು. ಒಂದು ಬದಿಯಲ್ಲಿ ಅಕ್ಕಪಕ್ಕ ಬರುವ ಪುಟಸಂಖ್ಯೆಗಳ ಮೊತ್ತ ಯಾವಾಗಲೂ 17. ಮೊದಲ ಹಾಳೆಯ ಮುಂದೆ 16 ಮತ್ತು 1, ಹಿಂದೆ 2 ಮತ್ತು 15. ಎರಡನೆಯದರಲ್ಲಿ 14–3, ಹಿಂದೆ 4–13. ಮೂರನೆಯದರಲ್ಲಿ 12–5, ಹಿಂದೆ 6–11. ನಾಲ್ಕನೆಯದರಲ್ಲಿ 10–7, ಹಿಂದೆ 8–9. ಅಂಗಡಿಯಲ್ಲಿ ‘ಶಾರ್ಟ್ ಎಡ್ಜ್’ ಕಡೆಗೆ ತಿರುಗಿಸುವ ಆಯ್ಕೆ ಹೇಳಿ, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗಿ ಬರುತ್ತದೆ. ಎಲ್ಲ ಪ್ರತಿ ತೆಗೆಸುವ ಮೊದಲು ಒಂದೇ ಪ್ರತಿ ಮಾಡಿಸಿ, ಮಡಚಿ, 13ರಿಂದ 14ಕ್ಕೆ ತಿರುವಿ ನೋಡಿ: 14ರ ಕಾರ್ಡಿನ ನೆರಳು 13ರ ಬಿಳಿ ಜಾಗದಲ್ಲಿ ಹಿಂದಿನಿಂದ ಕಾಣುತ್ತಿದ್ದರೆ ಕಾಗದ ತೆಳುವಾಯಿತು ಎಂದರ್ಥ, 100 ಜಿಎಸ್‌ಎಂಗೆ ಏರಿಸಿ. ರಕ್ಷಾಪುಟಕ್ಕೆ ಬೇರೆ ದಪ್ಪ ಹಾಳೆ ಸೇರಿಸಿ, ಉದ್ದ ತೋಳಿನ ಸ್ಟೇಪ್ಲರಿನಲ್ಲಿ ಮಡಿಕೆಯ ಮೇಲೆ ಎರಡು ಪಿನ್ನು ಹೊಡೆಯಿರಿ. ಮಡಚಿದಾಗ ಒಳಗಿನ ಹಾಳೆಗಳು ಅಂಚಿನಲ್ಲಿ ತುಸು ಹೊರಚಾಚುತ್ತವೆ. ಪಿನ್ನು ಹೊಡೆದ ಮೇಲೆಯೇ ಸ್ಟೀಲ್ ಸ್ಕೇಲ್ ಇಟ್ಟು ಕಟರ್‌ನಿಂದ ಒಂದೆರಡು ಮಿ.ಮೀ. ಸವರಿ ಸಮ ಮಾಡಿ.